ಆತ್ಮಸುಧಾರಣೆಗೆ ಎದುರು ನಿಂತು ಕೇಳುವವರೂ ಬೇಕು

ಮಾನ್ಯ ಸಂಪಾದಕರೇ,

ಪದವಿ ಮುಗಿಸಿದವರಿಗೆ ವ್ಯಕ್ತಿತ್ವ ವಿಕಸನ ಶಿಬಿರ, ನಿವೃತ್ತರಾದವರಿಗೆ ಸತ್ಸಂಗ ಎಂಬ ವಿಂಗಡಣೆ ನಮ್ಮ ಊರುಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಒಳ್ಳೆಯವರಾಗುವ ಹಂಬಲಕ್ಕೂ ವಯೋಮಿತಿ ಇದೆಯೇನೋ ಎನ್ನಿಸುತ್ತದೆ. ಮೊದಲನೆಯ ಕಡೆ ಸಂದರ್ಶನದಲ್ಲಿ ಕೂರುವ ಭಂಗಿಯನ್ನು ಕಲಿಸುತ್ತಾರೆ, ಎರಡನೆಯ ಕಡೆ ಮನಶ್ಶಾಂತಿಯ ಉಪನ್ಯಾಸ ನಡೆಯುತ್ತದೆ. ‘ನಿಮ್ಮಲ್ಲಿ ಇಂಥದೊಂದು ದೋಷವಿದೆ’ ಎಂದು ಮುಖ ನೋಡಿ ಹೇಳುವವರು ಎರಡೂ ಕಡೆ ಇಲ್ಲ.

ಅಮೆರಿಕದ ರಾಷ್ಟ್ರನಿರ್ಮಾಪಕರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಯೌವನದಲ್ಲಿ ಸದ್ಗುಣಗಳ ಪಟ್ಟಿ ಮಾಡಿಕೊಂಡು, ಪುಟ್ಟ ಪುಸ್ತಕವೊಂದರಲ್ಲಿ ವಾರದ 7 ದಿನಗಳಿಗೆ ಮನೆ ಎಳೆದು, ತಪ್ಪಿದ ದಿನ ಕಪ್ಪು ಚುಕ್ಕೆ ಇಡುತ್ತಿದ್ದರು. ಇಂದು ಮೊಬೈಲ್ ಆ್ಯಪ್‌ಗಳು ಮಾಡಿಸುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ. ಅವರು ತಾವಾಗಿ ಬರೆದುಕೊಂಡ ಗುಣಗಳು 12. ‘ಜನ ನಿನ್ನನ್ನು ಅಹಂಕಾರಿ ಎನ್ನುತ್ತಾರೆ’ ಎಂದು ಗೆಳೆಯನೊಬ್ಬ ತಿಳಿಸಿದ ಮೇಲೆಯೇ ವಿನಯವು 13ನೆಯದಾಗಿ ಸೇರಿತು. ಅದಕ್ಕಿಂತ ಗಂಭೀರವಾದದ್ದು ಮತ್ತೊಂದಿದೆ. ಮಿತಾಹಾರ, ಮೌನ, ಅಚ್ಚುಕಟ್ಟು, ಮಿತವ್ಯಯಗಳಿಗೆ ಲೆಕ್ಕ ಇಟ್ಟ ಈ ಮನುಷ್ಯನ ಮನೆಯಲ್ಲಿ ಹಲವು ದಶಕಗಳ ಕಾಲ ಗುಲಾಮರಿದ್ದರು. ಪುಸ್ತಕದಲ್ಲಿ ‘ನ್ಯಾಯ’ ಎಂಬ ಸಾಲೇ ಇದ್ದರೂ ಆ ಅನ್ಯಾಯ ಅದಕ್ಕೆ ಕಾಣಲಿಲ್ಲ. 80 ದಾಟಿದ ಮೇಲೆ, 1787ರಲ್ಲಿ, ಅವರು ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು, 1790ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಕೆಲವೇ ವಾರಗಳ ಮುಂಚೆ ಆ ಪದ್ಧತಿಯ ವಿರುದ್ಧ ಅಮೆರಿಕದ ಸಂಸತ್ತಿಗೆ ಕಳಿಸಿದ ಮನವಿಗೆ ಸಹಿ ಹಾಕಿದರು. ಯೌವನದ ಪಟ್ಟಿಗೆ ಕಾಣದಿದ್ದದ್ದು ಇಳಿವಯಸ್ಸಿನಲ್ಲಿ ಕಂಡಿತು, ಅದೂ ಇತರರೊಡನೆ ಕೂಡಿದಾಗ.

ನಮ್ಮಲ್ಲಿ ಈ ಅರಿವು ಹೊಸದಲ್ಲ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಪ್ರಸಂಗ, ಶರಣರ ಸಂವಾದಗಳನ್ನು ವಚನಗಳ ಮೂಲಕ ಹೇಳುವ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಲೋಕೋಪಕಾರದಲ್ಲಿ ಆತನನ್ನು ಮೀರಿಸುವವರಿರಲಿಲ್ಲ. ಆದರೂ ಅಲ್ಲಮಪ್ರಭು ಬಂದು, ಕೆಲಸಗಾರರು ಕಲ್ಲೆಸೆಯುವಷ್ಟು ಕೆಣಕಿ, ಆ ಉಪಕಾರದೊಳಗೇ ಅಡಗಿದ್ದ ‘ನಾನು’ ಎಂಬುದನ್ನು ಎತ್ತಿ ತೋರಿಸುತ್ತಾನೆ. ಸಿದ್ಧರಾಮ ಸಿಟ್ಟಾಗುತ್ತಾನೆ, ವಾದ ಮಾಡುತ್ತಾನೆ, ಕೊನೆಗೆ ಕಲ್ಯಾಣಕ್ಕೆ ನಡೆದು ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಚನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಕಿರಿಯರು ಹಿರಿಯರನ್ನು ತಿದ್ದುವುದನ್ನು ಇಂದಿನ ನಮ್ಮ ಮನೆಗಳಲ್ಲಿ ಎದುರುತ್ತರ ಎಂದು ಕರೆದು ಬಾಯಿ ಮುಚ್ಚಿಸುತ್ತೇವೆ. (ಈ ಮಾತಿಗೆ ನನ್ನ ಓರಗೆಯವರು ಮುನಿಸಿಕೊಂಡರೂ ಚಿಂತೆಯಿಲ್ಲ.)

ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಫಲಕ ಬಂದಿದೆ. ಸಂಜೆ ಅಲ್ಲಿ ಒಂದು ಮೇಜಿನ ಸುತ್ತ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿರುತ್ತಾರೆ; ಇನ್ನೊಂದರಲ್ಲಿ ನಮ್ಮಂಥವರು ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತೇವೆ. ಸಂಧ್ಯಾ ಸುರಕ್ಷಾ ಪಿಂಚಣಿಯ ಮೆಸೇಜ್ ಓದಿಸಿಕೊಳ್ಳಲು ಮಾತ್ರ ಯಾರಾದರೂ ಆ ಕಡೆಗೆ ಎದ್ದು ಹೋಗುತ್ತಾರೆ. ಒಮ್ಮೆ ಹಾಗೆ ಹೋದ ಹಿರಿಯರೊಬ್ಬರು ಎಂದಿನಂತೆ ‘ಈಗಿನ ಹುಡುಗರಿಗೆ ತಾಳ್ಮೆ ಇಲ್ಲ’ ಎಂದು ಶುರುಮಾಡಿದಾಗ, ಒಬ್ಬಳು ಹುಡುಗಿ ಮೊಬೈಲ್ ಹಿಂದಿರುಗಿಸುತ್ತಾ, ‘ತಾತ, ನಿಮಗೆ ಇದನ್ನ ಪ್ರತಿ ತಿಂಗಳೂ ಓದಿ ಹೇಳ್ತೀನಲ್ಲ, ಅದೇನು?’ ಎಂದು ಕೇಳಿದಳು. ಅವರು ನಕ್ಕರು, ಆ ಮೇಜಿನಲ್ಲೇ ಕೂತು, ಯಾವ ಪರೀಕ್ಷೆ, ಎಷ್ಟು ಹುದ್ದೆ ಎಂದು ವಿಚಾರಿಸತೊಡಗಿದರು.

ಪಂಚಾಯತ್ ರಾಜ್ ಇಲಾಖೆಯು ಪ್ರತಿಯೊಂದು ಅರಿವು ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಈ ಎರಡೂ ಮೇಜುಗಳನ್ನು ಜೋಡಿಸುವ ಏರ್ಪಾಡು ಮಾಡಲಿ. ಭಾಷಣಕಾರರನ್ನು ಕರೆಯುವುದು ಬೇಡ, ಪ್ರಮಾಣಪತ್ರವೂ ಬೇಡ. ಊರಿನಲ್ಲಿ ಆ ವಾರ ನಡೆದ ಒಂದು ಸಂಗತಿಯನ್ನು ಎತ್ತಿಕೊಂಡು, ಇಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಪ್ರತಿಯೊಬ್ಬರೂ ಹೇಳಬೇಕು, ಉಳಿದವರು ಪ್ರಶ್ನಿಸಬೇಕು. ಮೊದಲ ಪ್ರಶ್ನೆ ಕೇಳುವ ಹಕ್ಕು ಅಲ್ಲಿರುವವರಲ್ಲಿ ಅತ್ಯಂತ ಕಿರಿಯರಿಗೆ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕ,
ತುಮಕೂರು ಜಿಲ್ಲೆ