ಹೆದರಿಕೆಯ ಹಿಂದೆ ಯಾರಿದ್ದಾರೆ ನೋಡು

ಮೈಸೂರು

ಪ್ರೀತಿಯ ಪುಟ್ಟಿಗೆ,

ಈ ಒಂದು ವರ್ಷ ಓದಿದ ಪುಸ್ತಕಗಳ ಪಟ್ಟಿ ಕಳಿಸಿದ್ದೀಯಲ್ಲ, ನೋಡಿ ಖುಷಿಯಾಯಿತು. ಎಲ್ಲವೂ ದೆವ್ವ, ಕೊಲೆ, ಪತ್ತೇದಾರಿ. ಮಂಡ್ಯದಿಂದ ನಿಮ್ಮಮ್ಮ ಫೋನ್ ಮಾಡಿ, "ಅಕ್ಕಾ, ಇವಳಿಗೆ ಸ್ವಲ್ಪ ಬುದ್ಧಿ ಹೇಳು, ಇಂಥದ್ದೇ ಓದ್ತಾ ಕೂತರೆ ತಲೆ ಕೆಡಲ್ವಾ" ಅಂದಳು. ಕೆಡಲ್ಲ ಅಂತ ಅವಳಿಗೆ ಹೇಳಿದ್ದೇನೆ. ಆದರೆ ಪಟ್ಟಿಯ ಕೆಳಗೆ ನೀನು ಬರೆದ ಮಾತು ನನ್ನನ್ನು ಬಿಡುತ್ತಿಲ್ಲ. "ಈಗೀಗ ಯಾವುದಕ್ಕೂ ಭಯಾನೇ ಆಗ್ತಿಲ್ಲ ದೊಡ್ಡಮ್ಮ, ಇನ್ನೂ ಸ್ಟ್ರಾಂಗ್ ಆಗಿರೋದು ಯಾವುದಿದೆ?"

ಇನ್ನೂ ಸ್ಟ್ರಾಂಗ್ ಬೇಡ ಪುಟ್ಟಿ. ಇನ್ನೂ ನಿಧಾನ ಬೇಕು. ಒಂದು ಮುಗಿಯಿತೋ ಇಲ್ಲವೋ ಇನ್ನೊಂದಕ್ಕೆ ಕೈ ಹಾಕಿದರೆ "ಮುಂದೇನು" ಅನ್ನುವುದೊಂದೇ ತಲೆಯಲ್ಲಿ ಉಳಿಯುತ್ತದೆ. ಯಾರಿಗೆ ಏನಾಯಿತು ಅನ್ನುವುದು ಜಾರಿಹೋಗುತ್ತದೆ. ಯಾರ ಮೇಲೂ ಅಕ್ಕರೆ ಹುಟ್ಟದಿದ್ದರೆ ಯಾರಿಗಾಗಿ ಹೆದರುತ್ತೀಯ?

ಪಟ್ಟಿಯಲ್ಲಿ ಬ್ರಾಮ್ ಸ್ಟೋಕರನ ಡ್ರಾಕುಲಾ ಇದೆ. 1897ರ ಪುಸ್ತಕ. ಅದರ ಎರಡನೇ ಅಧ್ಯಾಯ ಮತ್ತೆ ತೆಗೆದು ನೋಡು. ಡ್ರಾಕುಲಾನ ಕೋಟೆಗೆ ಕೆಲಸದ ಮೇಲೆ ಬಂದಿರುವ ವಕೀಲ ಹಾರ್ಕರ್ ಪುಟ್ಟ ಕನ್ನಡಿ ನೇತುಹಾಕಿಕೊಂಡು ಗಡ್ಡ ಕೆರೆದುಕೊಳ್ಳುತ್ತಿದ್ದಾನೆ. ಹೆಗಲ ಮೇಲೆ ಒಂದು ಕೈ ಬೀಳುತ್ತದೆ. ಕನ್ನಡಿಯಲ್ಲಿ ಹಿಂದಿನ ಕೋಣೆಯೆಲ್ಲ ಕಾಣುತ್ತಿದೆ, ಆದರೆ ಅದರಲ್ಲಿರುವುದು ಅವನೊಬ್ಬನೇ. ಬೆಚ್ಚಿದ್ದಕ್ಕೆ ಕತ್ತಿ ತಾಗಿ ಒಂದಿಷ್ಟು ರಕ್ತ. ಹೆಗಲ ಮೇಲೆ ಕೈಯಿಟ್ಟ ಕೌಂಟ್ ಡ್ರಾಕುಲಾ ಆ ಕನ್ನಡಿಯನ್ನು ಕಿಟಕಿಯಿಂದ ಆಚೆ ಎಸೆದು ಹೋಗುತ್ತಾನೆ. ಆಗ ಹಾರ್ಕರ್ ದಿನಚರಿಯಲ್ಲಿ ಬರೆದುಕೊಳ್ಳುವ ಚಿಂತೆ ಏನು ಗೊತ್ತಾ? ಇನ್ನು ಗಡ್ಡ ಹೇಗೆ ಕೆರೆದುಕೊಳ್ಳುವುದು ಅಂತ! ನೀನು ಅದನ್ನು ದಾಟಿ ಓಡಿರುತ್ತೀಯ. ದೊಡ್ಡ ಭಯ ಬಂದಾಗ ಮನುಷ್ಯ ಸಣ್ಣದೊಂದನ್ನು ಹಿಡಿದುಕೊಳ್ಳುತ್ತಾನೆ, ಅಲ್ವಾ? ಆ ಒಂದು ಸಾಲಲ್ಲಿ ಅವನು ನಮ್ಮವನಾಗುತ್ತಾನೆ.

ಫ್ರಾಂಕನ್‌ಸ್ಟೈನ್ ಅಂತೂ ಎರಡನೇ ಸಲ ಓದಲೇಬೇಕು. ಮೇರಿ ಶೆಲ್ಲಿ ಅದನ್ನು ಶುರುಮಾಡಿದ್ದು 1816ರಲ್ಲಿ. ಆಗ ಹದಿನೆಂಟು ವಯಸ್ಸು, ನಿನಗಿಂತ ಚಿಕ್ಕವಳು. ಹಿಂದಿನ ವರ್ಷವಷ್ಟೇ ಹಸುಗೂಸನ್ನು ಕಳೆದುಕೊಂಡಿದ್ದ ತಾಯಿ. ಅವಳು ಸೃಷ್ಟಿಸಿದ ಆ ವಿಕಾರ ಜೀವಿ ಒಂದು ಬಡವರ ಮನೆಗೆ ಅಂಟಿಕೊಂಡ ಗೂಡಲ್ಲಿ ಅಡಗಿ, ಗೋಡೆಯ ಸಂದಿಯಿಂದ ಅವರನ್ನು ನೋಡುತ್ತಾ ಮಾತು ಕಲಿಯುತ್ತದೆ. ರಾತ್ರಿ ಹೊತ್ತು ಅವರಿಗೆ ಸೌದೆ ತಂದಿಡುತ್ತದೆ. ಮನೆಯ ಕುರುಡು ತಾತ ಒಬ್ಬನೇ ಇರುವಾಗ ಧೈರ್ಯ ಮಾಡಿ ಒಳಗೆ ಹೋಗುತ್ತದೆ. ತಾತ ಕೂರಿಸಿ ಮಾತಾಡಿಸುತ್ತಾನೆ. ಅಷ್ಟರಲ್ಲಿ ಕಣ್ಣಿದ್ದವರು ಬರುತ್ತಾರೆ, ದೊಣ್ಣೆಯಲ್ಲಿ ಬಡಿಯುತ್ತಾರೆ. ತಿರುಗಿ ಒಂದೇಟು ಕೊಟ್ಟರೆ ಮುಗಿಯಿತು, ಅಷ್ಟು ಬಲ ಅದಕ್ಕಿದೆ. ಆದರೂ ಹೊಡೆಯುವುದಿಲ್ಲ. ಆ ಪುಟ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆಮೇಲಿನ ಕೊಲೆಗಳಿಗೆ ಮೈ ನಡುಗುವುದು ಈ ಪುಟ ಮನಸ್ಸಲ್ಲಿ ಕೂತಿದ್ದರೆ ಮಾತ್ರ.

ನಮ್ಮ ಕಾವೇರಿ ದಡದಲ್ಲೂ ಅಂಥದ್ದೊಂದು ಕತೆ ಇದೆಯಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಕಾಲ. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಾಗಿ, ಅಲ್ಲಿ ಆಳುತ್ತಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಬೆನ್ನಿಗೆ ಆಳುಗಳು ಬಿದ್ದರಂತೆ. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ" ಅಂತ ಶಪಿಸಿ ಅವಳು ಹೊಳೆಗೆ ಹಾರಿದಳಂತೆ. ಹೊಳೆಯ ಮರಳನ್ನು ಗಾಳಿ ಹೊತ್ತು ತಂದು ತಲಕಾಡಿನ ಗುಡಿಗಳನ್ನು ಮುಚ್ಚಿತು ಅಂತ ನಮಗೆ ಗೊತ್ತು. ಆದರೂ ಕತೆ ನಾನೂರು ವರ್ಷ ಉಳಿದುಕೊಂಡಿದೆ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸನ್ನು ಬೆನ್ನಟ್ಟಿದರಲ್ಲ, ಆ ಅನ್ಯಾಯ ಜನರಿಗೆ ಇನ್ನೂ ಚುಚ್ಚುತ್ತದೆ. ಕೆ. ಎನ್. ಗಣೇಶಯ್ಯನವರು ಈ ಶಾಪದ ಬಗ್ಗೆ ವಿಜ್ಞಾನ ಪತ್ರಿಕೆಯಲ್ಲೇ ಬರೆದಿದ್ದಾರೆ. ಅವರು ಕೃಷಿ ವಿಜ್ಞಾನಿ, ಕನ್ನಡದಲ್ಲಿ ಥ್ರಿಲ್ಲರ್ ಬರೆಯುವವರು. ನಿನ್ನ ಪಟ್ಟಿಯಲ್ಲಿ ಅವರ ಒಂದೂ ಇಲ್ಲ! ಎನ್. ನರಸಿಂಹಯ್ಯನವರನ್ನೂ ಹುಡುಕು. ನಾಲ್ಕನೇ ಕ್ಲಾಸಿನವರೆಗೆ ಓದಿ ನೂರಾರು ಪತ್ತೇದಾರಿ ಕಾದಂಬರಿ ಬರೆದವರು. ಕನ್ನಡದ ಎಷ್ಟೋ ಮನೆಗಳಿಗೆ ಓದಿನ ಚಟ ಹತ್ತಿಸಿದ್ದು ಅವರೇ.

ಒಂದು ಕಟುವಾದ ಮಾತೂ ಹೇಳುತ್ತೇನೆ. ಕೆಲವು ಪುಸ್ತಕಗಳಲ್ಲಿ ಮೊದಲ ಪುಟದಲ್ಲೇ ಒಂದು ಹುಡುಗಿಯ ಹೆಣ ಬಿದ್ದಿರುತ್ತದೆ. ಕೊನೆಯವರೆಗೂ ಅವಳು ಏನು ಇಷ್ಟಪಡುತ್ತಿದ್ದಳು, ಯಾರ ಮಗಳು, ಒಂದೂ ತಿಳಿಯುವುದಿಲ್ಲ. ಕೊಂದವನ ಬುದ್ಧಿವಂತಿಕೆ ಮಾತ್ರ ಪುಟಗಟ್ಟಲೆ. ಅಂಥ ಪುಸ್ತಕಕ್ಕೆ ಎಷ್ಟೇ ಹೆಸರಿರಲಿ, ಮುಚ್ಚಿಡು. ಅರ್ಧಕ್ಕೆ ಬಿಟ್ಟರೆ ತಪ್ಪೇನಿಲ್ಲ.

ಈ ವರ್ಷ ಹೊಸದು ಕಡಿಮೆ ಮಾಡು. ಕೊಲೆಗಾರ ಯಾರು ಅಂತ ಗೊತ್ತಿದ್ದೂ ಮತ್ತೆ ಓದಿಸಿಕೊಳ್ಳುವ ಪುಸ್ತಕ ಯಾವುದು ನೋಡು, ಅದನ್ನು ಇಟ್ಟುಕೋ. ದಸರಾ ರಜೆಗೆ ಇಲ್ಲಿಗೆ ಬಾ, ತಲಕಾಡಿಗೆ ಹೋಗಿಬರೋಣ. ಪರೀಕ್ಷೆ ಮುಗಿಯುವವರೆಗೆ ಹನ್ನೊಂದರ ಮೇಲೆ ಲೈಟ್ ಹಾಕಿಕೊಂಡು ಕೂರಬೇಡ. ನಿಮ್ಮಮ್ಮನಿಗೆ ನಿನ್ನ ನಿದ್ದೆಯದೇ ಜಾಸ್ತಿ ಚಿಂತೆ. ಸಂಜೆ ಅವಳು ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂತು ಆ ಕುರುಡು ತಾತನ ಭಾಗವನ್ನು ಪೂರ್ತಿ ಹೇಳು. ಏನಂದಳು ಅಂತ ನನಗೆ ಬರಿ.

ಪ್ರೀತಿಯಿಂದ,
ದೊಡ್ಡಮ್ಮ