ಗೆಳೆಯನಿಗೊಂದು ಪತ್ರ: ಬಾರದವರೇ ಸರ್ಕಾರ ಉಳಿಸುವ ಲೆಕ್ಕ

ಪ್ರಿಯ ಗೆಳೆಯ,

ಫ್ರಾನ್ಸಿನಲ್ಲಿ ವೋಟಿಗೇ ಹಾಕದೆ ಪಿಂಚಣಿ ಕಾನೂನು ಪಾಸು ಮಾಡಿಬಿಟ್ಟರಂತಲ್ಲ, ಅದೆಂಥ ಪ್ರಜಾಪ್ರಭುತ್ವ ಎಂದು ಕೇಳಿದ್ದೀಯ. ನೀನು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಅದು ಅವರ ಸಂವಿಧಾನದ 49ನೇ ವಿಧಿಯ 3ನೇ ಪ್ಯಾರಾ. ಅಲ್ಲಿನ ಜನ ಬರೀ 'ನಲವತ್ತೊಂಬತ್ತು ಮೂರು' ಅನ್ನುತ್ತಾರೆ, ಬೀದಿ ಮೆರವಣಿಗೆಯಲ್ಲಿ ಬೈಗುಳದ ಹಾಗೆ. ಮೊದಲು ಮಂತ್ರಿಮಂಡಲದಲ್ಲಿ ಚರ್ಚೆಯಾಗಬೇಕು. ಆಮೇಲೆ ಪ್ರಧಾನಿ ಸದನದಲ್ಲಿ ಎದ್ದು ನಿಂತು, ಈ ಮಸೂದೆಗೆ ಸರ್ಕಾರವನ್ನೇ ಪಣಕ್ಕಿಟ್ಟಿದ್ದೇನೆ ಅನ್ನುತ್ತಾರೆ. ಚರ್ಚೆ ಅಲ್ಲಿಗೇ ಬಂದ್. 24 ಗಂಟೆಯೊಳಗೆ ಯಾರೂ ಅವಿಶ್ವಾಸ ನಿರ್ಣಯ ಕೊಡದಿದ್ದರೆ ಮಸೂದೆ ಪಾಸಾದಂತೆ. ಕೊಡುವುದಕ್ಕೆ ಹತ್ತರಲ್ಲೊಂದು ಪಾಲು ಸದಸ್ಯರ, ಅಂದರೆ 577ರಲ್ಲಿ 58 ಜನರ ಸಹಿ ಬೇಕು. ಕೊಟ್ಟ ಮೇಲೂ 48 ಗಂಟೆ ಕಳೆಯದೆ ಮತಕ್ಕೆ ಹಾಕುವಂತಿಲ್ಲ.

ಚಮತ್ಕಾರವೆಲ್ಲ ಎಣಿಕೆಯಲ್ಲಿದೆ. ಎಣಿಸುವುದು ನಿರ್ಣಯದ ಪರ ಬಿದ್ದ ಮತಗಳನ್ನು ಮಾತ್ರ. ಮನೆಯಲ್ಲೇ ಉಳಿದವರು, ತಟಸ್ಥರು, ಎಲ್ಲರೂ ಸರ್ಕಾರದ ಖಾತೆಗೇ ಜಮೆ. ಉರುಳಿಸಲು ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಸೀಟೆಲ್ಲ ತುಂಬಿದ್ದರೆ 289, ಬೇಕೇ ಬೇಕು. ಹಾಗಾಗಿ 'ಈ ಕಾನೂನು ನಿನಗೆ ಒಪ್ಪಿಗೆಯೇ' ಎಂಬ ಪ್ರಶ್ನೆ ಮಾಯವಾಗಿ, 'ನಿನ್ನ ಬದ್ಧವೈರಿಯ ಜೊತೆ ಕೈಜೋಡಿಸಿ ಸರ್ಕಾರ ಬೀಳಿಸುತ್ತೀಯಾ' ಎಂಬುದು ಉಳಿಯುತ್ತದೆ.

2023ರ ಮಾರ್ಚ್ 16ರಂದು ಪ್ರಧಾನಿ ಎಲಿಜಬೆತ್ ಬೋರ್ನ್ ಇದನ್ನೇ ಮಾಡಿದರು. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆ ಅದು. 20ರಂದು ನಿರ್ಣಯಕ್ಕೆ ಬಿದ್ದದ್ದು 278 ಮತ. ಕೆಲವು ಸೀಟು ಖಾಲಿ ಇದ್ದುದರಿಂದ ಬೇಕಿದ್ದದ್ದು 287. ಬಲಪಂಥದ ರಿಪಬ್ಲಿಕನ್ನರಲ್ಲಿ ಹೆಚ್ಚಿನವರು ನಿರ್ಣಯಕ್ಕೆ ಕೈಕೊಟ್ಟರು, ಒಂಬತ್ತು ಮತದಲ್ಲಿ ಸರ್ಕಾರ ಬಚಾವಾಯಿತು, ಮಸೂದೆಯೂ ಪಾಸಾಯಿತು.

ನನ್ನ ಕೇಳಿದರೆ, ನಿಜವಾದ ಕೈಚಳಕ ಅದಕ್ಕೂ ಮೊದಲೇ ನಡೆದಿತ್ತು. 2008ರ ತಿದ್ದುಪಡಿಯ ಪ್ರಕಾರ ಬಜೆಟ್ ಮತ್ತು ಸಾಮಾಜಿಕ ಭದ್ರತೆಯ ಹಣಕಾಸು ಮಸೂದೆಗಳಿಗೆ ಈ ಅಸ್ತ್ರವನ್ನು ಎಷ್ಟು ಸಲವಾದರೂ ಬಳಸಬಹುದು. ಉಳಿದಂತೆ ಒಂದು ಅಧಿವೇಶನಕ್ಕೆ ಒಂದೇ ಮಸೂದೆ. ಆದ್ದರಿಂದ ಪಿಂಚಣಿಯನ್ನು ಸಾಮಾಜಿಕ ಭದ್ರತೆಯ ಪೂರಕ ಹಣಕಾಸು ಮಸೂದೆಯೊಳಗೆ ತುರುಕಿದರು. ಅಂಥ ಮಸೂದೆಗೆ ಸಂಸತ್ತಿನಲ್ಲಿ ಸಿಗುವುದು ಒಟ್ಟು 50 ದಿನ. ಎಡದವರು ಸಾವಿರಗಟ್ಟಲೆ ತಿದ್ದುಪಡಿ ಸುರಿದರು, ಕೆಳಮನೆಯ ಮೊದಲ ಸುತ್ತು ವಯಸ್ಸನ್ನು 64ಕ್ಕೆ ಏರಿಸುವ ಕಲಮಿನ ಮತದಾನ ತಲುಪುವ ಮೊದಲೇ ಗಡುವು ಮುಗಿಯಿತು.

ಎಡದವರೇನೂ ಕಡಿಮೆಯಿಲ್ಲ ಬಿಡು. ಸಮಾಜವಾದಿ ಪ್ರಧಾನಿ ಮಿಷೆಲ್ ರೋಕಾರ್ 1988–91ರಲ್ಲಿ ಇದನ್ನು 28 ಸಲ ಬಳಸಿದ್ದರು, ಬೋರ್ನ್ 23. ಇದನ್ನು ಮಾಡಿಟ್ಟದ್ದು 1958ರಲ್ಲಿ, ಡಿ ಗಾಲ್ ಕಾಲದಲ್ಲಿ. ಅದಕ್ಕೆ ಮುಂಚಿನ ಹನ್ನೆರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಿದ್ದುಹೋಗಿದ್ದವು.

ವಿರೋಧಿಗಳು ಒಡೆದಿರುವಷ್ಟು ದಿನ ಮಾತ್ರ ಈ ಅಸ್ತ್ರ ನಾಟುತ್ತದೆ. 2024ರಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಸದನ ವಿಸರ್ಜಿಸಿದ ಮೇಲೆ ಮೂರು ಬಣಗಳಾದವು, ಯಾವುದೂ 289ರ ಹತ್ತಿರಕ್ಕೂ ಬರಲಿಲ್ಲ. ಡಿಸೆಂಬರ್ 2ರಂದು ಪ್ರಧಾನಿ ಮಿಷೆಲ್ ಬಾರ್ನಿಯೆ ಸಾಮಾಜಿಕ ಭದ್ರತೆಯ ಬಜೆಟ್‌ಗೆ ಇದನ್ನು ಪ್ರಯೋಗಿಸಿದರು. ಎಡದವರೂ ಕಡು ಬಲಪಂಥದ ಲೆ ಪೆನ್ ಕಡೆಯವರೂ ಒಂದಾದರು. 4ರಂದು 331 ಮತ. ಸರ್ಕಾರವೂ ಹೋಯಿತು, ಮಸೂದೆಯೂ ಹೋಯಿತು. 49.3 ಬಳಸಿ ಬಿದ್ದ ಮೊದಲ ಸರ್ಕಾರ ಅದೇ.

ಮುಂದಿನ ಪ್ರಧಾನಿ ಫ್ರಾನ್ಸ್ವಾ ಬೈರೂ 2025ರ ಸೆಪ್ಟೆಂಬರ್ 8ರಂದು ತಾವಾಗಿಯೇ ವಿಶ್ವಾಸಮತ ಕೇಳಿ 194–364ರಲ್ಲಿ ಸೋತರು. ಅದು 49ರ ಮೊದಲ ಪ್ಯಾರಾ. ಅಲ್ಲಿ ಎರಡೂ ಕಡೆಯ ಮತ ಎಣಿಸುತ್ತಾರೆ. ನಮ್ಮ ವಿಧಾನಸಭೆಯಲ್ಲಿ 2019ರ ಜುಲೈನಲ್ಲಿ ಕುಮಾರಸ್ವಾಮಿ 99–105ರಲ್ಲಿ ಬಿದ್ದದ್ದೂ ಇದೇ ಬಗೆಯ ಎಣಿಕೆಯಲ್ಲಿ. ಅಲ್ಲಿ ಬಾರದ ಶಾಸಕರೇ ಸರ್ಕಾರ ಬೀಳಿಸಿದರು, 49.3ರ ಲೆಕ್ಕದಲ್ಲಾದರೆ 105 ಸಾಲುತ್ತಲೇ ಇರಲಿಲ್ಲ.

ಅಕ್ಟೋಬರ್ 16ರಂದು ಹೊಸ ಪ್ರಧಾನಿ ಲೆಕೋರ್ನು ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಬಿದ್ದದ್ದು 271, ಹದಿನೆಂಟು ಕಡಿಮೆ. ಸಮಾಜವಾದಿಗಳಲ್ಲಿ ಹೆಚ್ಚಿನವರು ಮತ ಹಾಕದೆ ಕೂತರು. ಅದಕ್ಕೆ ಅವರು ಪಡೆದ ಬೆಲೆ: ಬೋರ್ನ್ ಪಾಸು ಮಾಡಿಸಿದ್ದ ಆ ಪಿಂಚಣಿ ಸುಧಾರಣೆಯನ್ನೇ 2027ರ ಅಧ್ಯಕ್ಷೀಯ ಚುನಾವಣೆಯವರೆಗೆ ತಡೆಹಿಡಿಯುವ ಮಾತು.

ನಿನ್ನವ