ಮಳೆಗಾಲವಿಡೀ ನಿಂತ ಕಾರಿಗೆ ಹೊಸ ಬ್ಯಾಟರಿ

ಎಲ್ಲರಿಗೂ ನಮಸ್ಕಾರ. ದಸರಾ ಮುಗಿದ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೊರಡುವವರು, ಜೂನ್‌ನಿಂದ ಕವರ್ ಹೊದ್ದು ಮಲಗಿರುವ ಕಾರನ್ನು ಈ ವಾರವೇ ಒಮ್ಮೆ ಎಬ್ಬಿಸಿ ನೋಡಿ.

ಹೋದ ವರ್ಷ ನನ್ನ ಎರಡು ಸೀಟಿನದು ಕೀ ತಿರುಗಿಸಿದರೆ ಟಕ್ ಟಕ್ ಅಂದು ಸುಮ್ಮನಾಯಿತು. ಮೀಟರ್ ಹಿಡಿದರೆ 10.9 ವೋಲ್ಟ್! ಪೂರ್ತಿ ಚಾರ್ಜ್ ಆಗಿ ನಿಂತ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಕಾರು ನಿಂತೇ ಇದ್ದರೂ ಅಲಾರಂ, ಗಡಿಯಾರ, ಸೆಂಟ್ರಲ್ ಲಾಕ್ ಚೂರುಚೂರೇ ಕರೆಂಟ್ ಕುಡಿಯುತ್ತವೆ. ಖಾಲಿಯಾಗಿ ತಿಂಗಳುಗಟ್ಟಲೆ ಬಿಟ್ಟರೆ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟಕ್ಕಷ್ಟೇ.

ಅಂಗಡಿಯವನು 'ಸರ್, ಇನ್ನೂ ದೊಡ್ಡದು ಹಾಕ್ಸಿ' ಅಂತ ಒಂದನ್ನು ತಂದಿಟ್ಟ. ಟ್ರೇಯಲ್ಲಿ ಕೂರಲಿಲ್ಲ, ಪ್ಲಸ್ ಬೇರೆ ಉಲ್ಟಾ ಕಡೆ! ಹಳೆಯದರ ಅಳತೆ, ಟರ್ಮಿನಲ್ ದಿಕ್ಕು, ಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ), ಸಿಸಿಎ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಷ್ಟು ಕರೆಂಟ್ ಕೊಡುತ್ತದೆ) ಅಂಕಿಗಳ ಫೋಟೊ ತೆಗೆದುಕೊಂಡೇ ಹೋಗಿ. ತಯಾರಾದ ತಿಂಗಳೂ ನೋಡಿ. ಶೆಲ್ಫಿನಲ್ಲಿ ವರ್ಷ ಕಳೆದದ್ದು ಬೇಡ.

ನನ್ನ ಓಟು ಎಜಿಎಂಗೆ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ ಸೀಸದ ಬ್ಯಾಟರಿಗೆ. ದುಡ್ಡು ಜಾಸ್ತಿ, ಆದರೆ ನಿಂತಲ್ಲೇ ಚಾರ್ಜ್ ಕಳೆದುಕೊಳ್ಳುವುದು ಕಡಿಮೆ. ಲಿಥಿಯಂ ತುಂಬಾ ಹಗುರ ನಿಜ, ಅದಕ್ಕೇ ಹೊಂದುವ ಚಾರ್ಜರ್ ಬೇಕು. ರೇಸಿಗೆ ಹೋಗದ ನಮಗೆ ಯಾಕೆ? ಬ್ಯಾಟರಿ ಡಿಕ್ಕಿಯಲ್ಲಿರುವವರು ಗ್ಯಾಸ್ ಹೊರಹೋಗುವ ಪೈಪ್ ಮತ್ತೆ ಸಿಕ್ಕಿಸಲು ಮರೆಯಬೇಡಿ.

ಎಜಿಎಂ ಮೋಡ್ ಇರುವ ಚಾರ್ಜರ್ ಕುವೆಂಪುನಗರದ ನಮ್ಮ ಮನೆಯಲ್ಲಿದೆ. ಬೇಕಾದವರು ಒಯ್ಯಿರಿ, ಶನಿವಾರದೊಳಗೆ ವಾಪಸ್ ತನ್ನಿ.